ಚೀಲದೊಳಗಿನ ಕೆಂಪು ಕಾಯಿ

ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ, ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದಾಗ ಮಲ್ಪೆಯಿಂದ ಫೋನು ಬಂತು. ಮಾತಾಡಿದವರು ನನ್ನ ಹಳೆಯ ಸಹೋದ್ಯೋಗಿಯ ಗಂಡ. ಅವರು ತಾವಾಗಿ ಯಾರಿಗೂ ಫೋನು ಮಾಡುವವರಲ್ಲ. ಹೆಂಡತಿ ನನ್ನೊಡನೆ ಮಾತಾಡುತ್ತಿದ್ದಾಗ ಹಿಂದಿನಿಂದ “ನಂದೊಂದು ನಮಸ್ಕಾರ ಹೇಳು” ಎಂದು ಕೂಗುವುದಷ್ಟೇ ಅವರ ಪಾಲು.

“ಟೀಚರೇ, ಅವಳು ಹೋದ್ಲು” ಎಂದರು. “ಮೊನ್ನೆ ಬೆಳಿಗ್ಗೆ. ಗಂಜಿ ಊಟ ಮಾಡಿ ಜಗಲಿಯಲ್ಲಿ ಕೂತು ಪೇಪರ್ ಓದ್ತಾ ಇದ್ಲು. ನಾನು ಒಳಗೆ ಹೋಗಿ ನನ್ನ ಮಾತ್ರೆ ತಗೊಂಡು ಬರುವಷ್ಟರಲ್ಲಿ ಆಗಿ ಹೋಗಿತ್ತು.”

ನಲ್ಲಿ ಹರಿಯುತ್ತಲೇ ಇತ್ತು. ಅವರೇ ಮತ್ತೆ ಮಾತಾಡಿದರು.

“ಒಂದು ಕೇಳ್ತೇನೆ, ಬೇಜಾರು ಮಾಡ್ಕೊಳ್ಬೇಡಿ. ನಿಮ್ಮತ್ರ ವಾರ ವಾರ ಮಾತಾಡ್ತಿದ್ಲಲ್ಲ. ಎಂತಾದ್ರೂ ಹೇಳಿದ್ಲಾ? ಸುಸ್ತು, ಎದೆನೋವು, ಎಂತಾದ್ರೂ? ಒಂದು ಸೂಚನೆ ಇದ್ದಿರ್ಲೇಬೇಕು ಅಲ್ವಾ? ಅದು ನನ್ನ ಕಣ್ಣಿಗೆ ಬೀಳ್ಲಿಲ್ಲ. ನಂದೇ ತಪ್ಪಾಯ್ತಾ ಅಂತ.”

“ಯೋಚನೆ ಮಾಡಿ ಹೇಳ್ತೀನಿ ಸರ್” ಎಂದುಬಿಟ್ಟೆ. ಸಾವಿನ ಸುದ್ದಿ ಹೇಳಿದವರಿಗೆ ಯಾರಾದರೂ ಹೀಗೆ ಉತ್ತರ ಕೊಡುತ್ತಾರೆಯೇ? ಆದರೆ ಆ ಮನೆಯಲ್ಲಿ ‘ಸೂಚನೆ’ ಎಂಬುದು ಸುಮ್ಮನೆ ಬಾಯಿಗೆ ಬರುವ ಮಾತಾಗಿರಲಿಲ್ಲ. ಆಕೆ ಜೀವನವಿಡೀ ಕಲಿಸಿದ್ದು ಅದನ್ನೇ. ಹಾಗಾಗಿ ಅವರ ಪ್ರಶ್ನೆಗೆ ಸಮಾಧಾನದ ನಾಲ್ಕು ಮಾತು ಸಾಲದು, ಉತ್ತರವೇ ಬೇಕು ಎನಿಸಿತು. ಅದನ್ನು ಹುಡುಕುತ್ತ ಕೂತಾಗ ನೆನಪಾದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಅಬುಧಾಬಿಯ ನಮ್ಮ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಆಕೆಯನ್ನು ಮಕ್ಕಳು ‘ವಲ್ಕೇನೋ ಮಿಸ್’, ಅಂದರೆ ಜ್ವಾಲಾಮುಖಿ ಟೀಚರು, ಎಂದು ಕರೆಯುತ್ತಿದ್ದರು. ಹೊಸದಾಗಿ ಬಂದ ತಂದೆತಾಯಿಯರು ಆ ಹೆಸರು ಕೇಳಿ ಯಾರೋ ಮಹಾ ಸಿಡುಕಿಯಿರಬೇಕೆಂದು ಅಂಜುತ್ತಲೇ ಹೋಗುತ್ತಿದ್ದರು. ಎದುರಿಗೆ ಕೂತ ಗಿಡ್ಡ, ದುಂಡುಮುಖದ, ಮೆಲುದನಿಯ ಹೆಂಗಸನ್ನು ಕಂಡು, ತಪ್ಪು ಕೋಣೆಗೆ ಬಂದೆವೇನೋ ಎಂದು ಬಾಗಿಲ ಮೇಲಿನ ಬೋರ್ಡು ನೋಡಿಕೊಳ್ಳುತ್ತಿದ್ದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು, ಯಾರಾದರೂ ತಪ್ಪು ಉತ್ತರ ಕೊಟ್ಟರೆ “ಹೌದಾ? ಮತ್ತೆ?” ಎಂದು ಕೇಳುವುದು ಅವರ ಅಭ್ಯಾಸ. ಆ ‘ಮತ್ತೆ’ಗೆ ಉತ್ತರ ಹುಡುಕುತ್ತ ಮಗು ತನ್ನ ತಪ್ಪನ್ನು ತಾನೇ ಕಂಡುಕೊಳ್ಳುತ್ತಿತ್ತು.

ಒಮ್ಮೆ ಸ್ಟಾಫ್ ರೂಮಿನಲ್ಲಿ ಯಾರೋ “ಪ್ರಿನ್ಸಿಪಾಲರು ಇವತ್ತು ಜ್ವಾಲಾಮುಖಿ ಆಗಿದ್ದಾರೆ, ಹತ್ತಿರ ಹೋಗಬೇಡಿ” ಎಂದರು. ಎಲ್ಲರೂ ನಕ್ಕೆವು. ಇವರು ಮಾತ್ರ ಟಿಫಿನ್ ಡಬ್ಬಿ ಮುಚ್ಚಿಟ್ಟು ಪಾಠಕ್ಕೆ ನಿಂತರು.

“ಬೆಟ್ಟಕ್ಕೆ ಎಂತದು ಮಾರಾಯ್ರೆ ಸಿಟ್ಟು? ಅದಕ್ಕೆ ಒತ್ತಡ ಮಾತ್ರ ಉಂಟು. ಸಿಟ್ಟು ಅಂತ ಹೇಳಿದ್ರೆ ಜನ ಕೈಮುಗಿದು ಸುಮ್ಮನೆ ಕೂತ್ಕೊಳ್ತಾರೆ. ಒತ್ತಡ ಅಂತ ಹೇಳಿದ್ರೆ ಅಳತೆ ಮಾಡ್ಲಿಕ್ಕೆ ಹೋಗ್ತಾರೆ.”

ಹೋಲಿಕೆಗಳೆಂದರೆ ಅವರಿಗೆ ಅಲರ್ಜಿ ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ, ಹೋಲಿಕೆ ಅಡುಗೆಮನೆಯದಾಗಿರಬೇಕಿತ್ತು ಅಷ್ಟೆ. ಕೆಲವು ಬೆಟ್ಟಗಳು ಸದ್ದಿಲ್ಲದೆ ಉಕ್ಕಿ ಹರಿಯುತ್ತವೆ, ಕೆಲವು ಬಾಂಬಿನಂತೆ ಸಿಡಿಯುತ್ತವೆ, ಯಾಕೆ ಎಂದು ನಾನೊಮ್ಮೆ ಕೇಳಿದೆ. “ನೀವು ಮೈಸೂರಿನವರಿಗೆ ಗೊತ್ತಿರ್ಬೇಕಲ್ಲ” ಎಂದರು. “ರಾಗಿ ಮುದ್ದೆ ಕುದಿಯುವಾಗ ತಪಕ್ ಅಂತ ಕೈಗೆ ಹಾರ್ತದಾ ಇಲ್ವಾ? ಹಿಟ್ಟು ಮಂದ, ಒಳಗಿನ ಹಬೆಗೆ ಹೊರಗೆ ಬರ್ಲಿಕ್ಕೆ ದಾರಿ ಇಲ್ಲ, ಅದಕ್ಕೆ ಸಿಡೀತದೆ. ನಮ್ಮ ಗಂಜಿ ನೋಡಿ. ತೆಳು. ಹಬೆ ಆರಾಮವಾಗಿ ಹೋಗ್ತದೆ, ಉಕ್ಕಿದ್ರೂ ಪಾತ್ರೆಯ ಬದಿಯಲ್ಲಿ ಹರೀತದೆ ಅಷ್ಟೆ. ನೆಲದೊಳಗೆ ಕರಗಿದ ಕಲ್ಲೂ ಹಾಗೇ. ತೆಳು ಇದ್ರೆ ಗಂಜಿ, ಮಂದ ಇದ್ರೆ ಮುದ್ದೆ.” ಅಂದಿನಿಂದ ಮುದ್ದೆ ತಿರುವುವಾಗ ನಾನು ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

ಈ ಹುಚ್ಚು ಅವರಿಗೆ ಹತ್ತಿದ್ದು ಹುಟ್ಟೂರಿನಲ್ಲೇ. ಮಲ್ಪೆಯ ಕಡಲಿನಲ್ಲಿ, ದೋಣಿಯಲ್ಲಿ ಹೋಗಿ ನೋಡಿ ಬರಬಹುದಾದ ದ್ವೀಪವೊಂದಿದೆ. ಅದರ ತುಂಬ ಬಡಗಿ ಕೊರೆದು ನಿಲ್ಲಿಸಿದಂತಹ ಕಲ್ಲಿನ ಕಂಬಗಳು. ಚಿಕ್ಕಂದಿನಲ್ಲಿ ಅಪ್ಪನೊಡನೆ ಅಲ್ಲಿಗೆ ಹೋದಾಗ, ಇದನ್ನು ಭೀಮ ಕಡಿದದ್ದು ಎಂದು ಅಪ್ಪ ಹೇಳಿದರಂತೆ. “ಭೀಮನಿಗೆ ಬೇರೆ ಕೆಲಸ ಇರ್ಲಿಲ್ವಾ?” ಎಂದು ಕೇಳಿ ಪೆಟ್ಟು ತಿಂದರಂತೆ. ಕೆಂಡದಂತಹ ಲಾವಾ ಹರಿದು, ಆರಿ, ಕೆರೆಯ ಕೆಸರು ಒಣಗಿ ಬಿರಿದ ಹಾಗೆ ಬಿರಿದು ಆ ಕಂಬಗಳಾದವು ಎಂದು ಕಾಲೇಜಿನಲ್ಲಿ ತಿಳಿದ ದಿನ ಊಟ ಸೇರಲಿಲ್ಲವೆಂದು ಹೇಳುತ್ತಿದ್ದರು. ಅಲ್ಲಿಂದ ಒಂದು ಚೂರು ಕಲ್ಲು ತಂದುಕೊಡಿ, ಮಕ್ಕಳಿಗೆ ತೋರಿಸೋಣ ಎಂದರೆ “ಅಲ್ಲಿಂದ ತರ್ಲಿಕ್ಕಿಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ತರಗತಿಗೆ ತರುತ್ತಿದ್ದದ್ದು ನಾವಿದ್ದ ಖಾಲಿದಿಯಾ ಬಡಾವಣೆಯ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಹಿಮ್ಮಡಿ ಉಜ್ಜುವ ಕಲ್ಲು. ಅದನ್ನು ನೀರಿಗೆ ಹಾಕಿದರೆ ತೇಲುತ್ತದೆ. ಜ್ವಾಲಾಮುಖಿಯ ನೊರೆ ಹಾಗೇ ಕಲ್ಲಾದದ್ದು ಎಂದು ಹೇಳಿದಾಗ, ಅಮ್ಮನ ಬಚ್ಚಲಲ್ಲಿ ಅದನ್ನು ದಿನಾ ಕಂಡಿದ್ದ ಮಕ್ಕಳು ಬಾಯಿ ತೆರೆದು ಕೂರುತ್ತಿದ್ದರು.

ಈ ಮರಳುನಾಡಿನಲ್ಲಿ ಜ್ವಾಲಾಮುಖಿಯ ಪಾಠಕ್ಕೆ ಎರಡು ಪೀರಿಯಡ್ ಸಾಕು ಎಂಬುದು ಶಾಲೆಯ ಲೆಕ್ಕ. ಇವರಿಗೆ ಒಂದು ವಾರ ಬೇಕು. ಇಲ್ಲಿ ಬೆಟ್ಟ ಸಿಡಿಯದಿದ್ದರೆ ಏನಂತೆ, ಅದರ ಬೂದಿಗೆ ವೀಸಾ ಬೇಡ ಎನ್ನುತ್ತಿದ್ದರು.

ಆ ಮಾತು ಒಂದು ಸಲ ಕಣ್ಣೆದುರೇ ನಿಜವಾಯಿತು. ರಜೆಗೆಂದು ಇಬ್ಬರೂ ದುಬೈನಿಂದ ಮಂಗಳೂರಿಗೆ ಹೊರಟಿದ್ದೆವು. ವಿಮಾನ ತಡ. ಕೆಂಪು ಸಮುದ್ರದ ಆಚೆ ಎಲ್ಲೋ ಬೆಟ್ಟ ಸಿಡಿದು ಅದರ ಬೂದಿ ಗಾಳಿಯಲ್ಲಿ ಬರುತ್ತಿದೆ, ದಾರಿ ಬದಲಿಸಬೇಕು ಎಂದರು. ಹೊರಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಜನ ಕೌಂಟರಿನ ಹುಡುಗಿಯ ಮೇಲೆ ಹರಿಹಾಯ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರು. ತಂಗಿಯ ಮನೆಯ ಮದುವೆಗೆ ಹೊರಟವರು.

ಇವರು ಹೋಗಿ ಅವರ ಪಕ್ಕದಲ್ಲಿ ನಿಂತರು. “ಸಾಹೇಬ್ರೆ, ಅದು ಒಲೆಯ ಬೂದಿ ಅಲ್ಲ. ಕಲ್ಲು, ಗಾಜು, ಎಲ್ಲ ಪುಡಿ ಆದದ್ದು. ಇಂಜಿನ್ ಒಳಗೆ ಬಿಸಿಗೆ ಕರಗ್ತದೆ, ಮತ್ತೆ ಅಲ್ಲೇ ಅಂಟಿಕೊಳ್ತದೆ. ಇಂಜಿನ್ ನಿಲ್ತದೆ. ಪೈಲಟ್‌ನ ರೇಡಾರಿಗೂ ಕಾಣೂದಿಲ್ಲ.”

“ನಿಮಗೆ ಹೇಗೆ ಗೊತ್ತು?”

“ನಾನು ಮಕ್ಕಳಿಗೆ ಇದನ್ನೇ ಕಲಿಸೂದು.”

ವ್ಯಾಪಾರಿ ಕ್ಷಣ ಯೋಚಿಸಿದರು. ಆಮೇಲೆ ಜನರ ಕಡೆ ತಿರುಗಿ, ತಮ್ಮ ಅದೇ ದೊಡ್ಡ ಗಂಟಲಿನಲ್ಲಿ, “ಯಲ್ಲಾ, ಬನ್ನಿ, ಎಲ್ಲರೂ ಕೂತ್ಕೊಳ್ಳಿ! ಇಂಜಿನ್ ಒಳಗೆ ಗಾಜು ಹೋದ್ರೆ ಖಲಾಸ್! ಮದುವೆ ನಾಳೆಯೂ ಇರ್ತದೆ!” ಎಂದರು. ಕೌಂಟರಿನ ಹುಡುಗಿ ನಮಗಿಬ್ಬರಿಗೂ ಕುಡಿಯಲು ನೀರು ತಂದುಕೊಟ್ಟಳು.

‘ನಾಳೆ’ ಎಂಬ ಪದವನ್ನು ಇವರು ಆ ಒಂದು ಸಲ ಮಾತ್ರ ಸಹಿಸಿಕೊಂಡದ್ದು. ಲಾವಾದಿಂದ ಜನ ಸಾಯುವುದು ಕಡಿಮೆ, ಅನೇಕ ಸಲ ನಡೆದೇ ತಪ್ಪಿಸಿಕೊಳ್ಳಬಹುದು ಎಂದು ತರಗತಿಯಲ್ಲಿ ಹೇಳುತ್ತಿದ್ದರು. ಕೊಲ್ಲುವುದು ಬೆಟ್ಟದಿಂದ ಧಾವಿಸಿ ಇಳಿಯುವ ಬಿಸಿ ಬೂದಿಯ ಮೋಡ, ಮಳೆಗೆ ಬೂದಿ ಕಲಸಿ ಹೊಳೆಯಲ್ಲಿ ನುಗ್ಗಿ ಬರುವ ಕೆಸರು, ನೆನೆದ ಬೂದಿಯ ಭಾರಕ್ಕೆ ಕುಸಿಯುವ ಛಾವಣಿ. ಇವೆಲ್ಲಕ್ಕಿಂತ ಹೆಚ್ಚು ಕೊಲ್ಲುವುದು ‘ನಾಳೆ ನೋಡುವ’ ಎನ್ನುವ ಮಾತು.

ಖಾಲಿದಿಯಾದಲ್ಲಿ ನಾವಿಬ್ಬರೂ ಒಂದೇ ಕಟ್ಟಡದಲ್ಲಿದ್ದೆವು. ಅವರ ಮನೆ ನಮ್ಮ ಮೇಲಿನ ಮಹಡಿಯಲ್ಲಿ. ಆ ಕಟ್ಟಡದ ಬೆಂಕಿ ಅಲಾರಂ ಒಂದು ಶನಿ. ಯಾರೋ ಮೀನು ಹುರಿದರೆ ಬಡಿದುಕೊಳ್ಳುತ್ತದೆ, ಯಾರೋ ಲೋಬಾನ ಹಾಕಿದರೆ ಬಡಿದುಕೊಳ್ಳುತ್ತದೆ. ಯಾರೂ ಜಗ್ಗುವುದಿಲ್ಲ. ಟಿವಿ ಸದ್ದು ಸ್ವಲ್ಪ ಜಾಸ್ತಿ ಮಾಡುತ್ತೇವೆ ಅಷ್ಟೆ. ಇವರು ಮಾತ್ರ ಪ್ರತಿ ಸಲ ಗಂಡನನ್ನು ಎಬ್ಬಿಸಿ, ಪಾಸ್‌ಪೋರ್ಟು, ಮಾತ್ರೆಗಳಿದ್ದ ಚೀಲ ಹೆಗಲಿಗೇರಿಸಿ, ಲಿಫ್ಟ್ ಬಿಟ್ಟು ಮೆಟ್ಟಿಲಿಳಿಯುತ್ತಿದ್ದರು. ದಾರಿಯಲ್ಲಿ ಸಿಕ್ಕ ಬಾಗಿಲನ್ನೆಲ್ಲ ತಟ್ಟಿ “ಬನ್ನಿ, ಕೆಳಗೆ ಹೋಗುವ” ಎನ್ನುತ್ತಿದ್ದರು. ನಾತೂರ್, ಅಂದರೆ ನಮ್ಮ ಕಟ್ಟಡದ ಕಾವಲುಗಾರ, ಕೆಳಗೆ ಕೈಯಾಡಿಸುತ್ತ “ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ ಮೇಡಂ” ಎಂದು ನಗುತ್ತಿದ್ದ. ಇವರೂ ನಗುತ್ತಿದ್ದರು, ಆದರೆ ಅಲಾರಂ ನಿಲ್ಲುವವರೆಗೆ ಬಕಾಲಾದ, ಅಂದರೆ ಕೆಳಗಿನ ಕಿರಾಣಿ ಅಂಗಡಿಯ, ಮುಂದೆ ನಿಂತೇ ಇರುತ್ತಿದ್ದರು. ಗಂಡನಿಗೆ ಮೈಯೆಲ್ಲ ಮುಜುಗರ. “ಇವಳ ದೆಸೆಯಿಂದ ನಂಗೆ ಲುಂಗಿಯಲ್ಲೇ ಇಡೀ ಅಬುಧಾಬಿಯ ಪರಿಚಯ ಆಯ್ತು” ಎನ್ನುತ್ತಿದ್ದರು. ಮೇಲೆ ಹತ್ತುವಾಗ ಇವರದು ಒಂದೇ ಮಾತು: “ಎಲ್ಲರೂ ಇದ್ದೇವಲ್ಲ. ಸಾಕು.”

ಗಂಡನ ವಿಷಯ ಹೇಳಬೇಕು. ಅವರು ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಕಂಪನಿ ಮುಚ್ಚಿತು, ಅದೇ ಸುಮಾರಿಗೆ ಹೃದಯಕ್ಕೆ ಆಪರೇಷನ್ನೂ ಆಯಿತು. ಆಮೇಲೆ ಅವರು ಇಲ್ಲಿ ಇದ್ದದ್ದು ಹೆಂಡತಿಯ ವೀಸಾದ ಮೇಲೆ, ಔಷಧಿ ತಿನ್ನುತ್ತಿದ್ದದ್ದು ಹೆಂಡತಿಯ ಶಾಲೆ ಕೊಟ್ಟ ಇನ್ಶೂರೆನ್ಸಿನ ಮೇಲೆ. ಆಕೆಯ ಕೆಲಸ ಹೋದರೆ ಎರಡೂ ಹೋಗುತ್ತಿದ್ದವು. ಇದು ನಮಗೆಲ್ಲ ಗೊತ್ತಿತ್ತು, ಪ್ರಿನ್ಸಿಪಾಲರಿಗೂ ಗೊತ್ತಿತ್ತು.

ಈಗ ಇವರು ಮಕ್ಕಳಿಗೆ ಆಡಿಸುತ್ತಿದ್ದ ಒಂದು ಆಟದ ಮಾತು. ಏಳನೇ ತರಗತಿಯ ಕೋಣೆಯ ಹಿಂಭಾಗದಲ್ಲಿ ವರ್ಷಕ್ಕೊಮ್ಮೆ ಒಂದು ವಾರ ಒಂದು ಬೆಟ್ಟ ಬಂದು ಕೂರುತ್ತಿತ್ತು. ರಬ್ಬರ್ ಹಾಳೆಯ ಮೇಲೆ ಬಣ್ಣದ ಕಾಗದ ಹೊದಿಸಿದ ಬೆಟ್ಟ. ಅದರ ಬುಡದಲ್ಲಿ ಬೆಂಕಿಪೊಟ್ಟಣದ ಮನೆಗಳ ಊರು. ಊರಿನ ಜನ ಹೆಸರುಕಾಳು. ಬೆಟ್ಟದೊಳಗೆ ಗಂಡನ ಹಳೆಯ ಬಿಪಿ ಮೆಷಿನ್ನಿನ ಪಟ್ಟಿ. ಇವರು ಮಕ್ಕಳಿಗೆ ಕಾಣದಂತೆ ಅದರ ಗಾಳಿ ತುಂಬುವ ರಬ್ಬರ್ ಬಲ್ಬು ಒತ್ತಿದರೆ ಬೆಟ್ಟದ ಒಂದು ಮಗ್ಗುಲು ಸ್ವಲ್ಪವೇ ಉಬ್ಬುತ್ತಿತ್ತು. ಮೇಜಿನ ಕೆಳಗೆ ವೈಬ್ರೇಟ್ ಮಾಡಿಟ್ಟ ಫೋನು. ಅದು ನಡುಗಿದಾಗ ಬೆಂಕಿಪೊಟ್ಟಣಗಳು ಗಲಗಲ ಎನ್ನುತ್ತಿದ್ದವು. ಊರಬಾವಿಯೆಂದು ಇಟ್ಟ ಲೋಟಕ್ಕೆ ಒಂದು ದಿನ ಫ್ಲಾಸ್ಕಿನ ಬಿಸಿನೀರು. ಇನ್ನೊಂದು ದಿನ ಗಂಧಕದ ವಾಸನೆಗೆಂದು ಎಲ್ಲೋ ಮುಚ್ಚಿಟ್ಟ ಕೊಳೆತ ಮೊಟ್ಟೆ. ಆ ದಿನ ಪಕ್ಕದ ಕೋಣೆಯಲ್ಲಿ ನನ್ನ ತ್ರಿಕೋನಮಿತಿ ಕೂಡ ನಾರಿತು.

ಒಂದು ಮಗು ಆ ಊರಿನ ಮೇಯರ್. ಸೂಚನೆಗಳನ್ನು ನೋಡಿ ಹೆಸರುಕಾಳುಗಳನ್ನೆಲ್ಲ ಕಿಟಕಿಯ ಕಟ್ಟೆಗೆ ಸಾಗಿಸಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದು ಆ ಮಗುವೇ. ಸಾಗಿಸಿದರೆ ಉಳಿದ ಮಕ್ಕಳು ಊರವರಾಗಿ ಗಲಾಟೆ ಮಾಡುತ್ತಿದ್ದರು: ಹಸು ಕರೆಯುವವರು ಯಾರು, ಅಂಗಡಿ ಕಾಯುವವರು ಯಾರು, ನಮ್ಮ ಪರೀಕ್ಷೆ ಏನಾಯಿತು? ಸಿಡಿಯುವುದು ಬಿಡುವುದು ಇವರ ಕೈಯಲ್ಲೂ ಇರಲಿಲ್ಲ. ಗಂಡನ ಕೇರಂ ಬೋರ್ಡಿನ ಕಾಯಿಗಳನ್ನು ಒಂದು ಬಟ್ಟೆ ಚೀಲಕ್ಕೆ ಹಾಕಿ ತಂದಿಡುತ್ತಿದ್ದರು. ವಾರದ ಕೊನೆಯ ದಿನ ಒಂದು ಮಗು ಕಣ್ಣುಮುಚ್ಚಿ ಒಂದು ಕಾಯಿ ತೆಗೆಯಬೇಕು. ಕಪ್ಪು ಬಂದರೆ ಬೆಟ್ಟ ಸಿಡಿಯುತ್ತದೆ, ಸೋಡಾಪುಡಿಯ ಮೇಲೆ ಕೆಂಪು ಬಣ್ಣದ ವಿನೆಗರ್ ಸುರಿದು ಊರು ಮುಳುಗಿಸಬೇಕು. ಬಿಳಿ ಬಂದರೆ ಏನೂ ಇಲ್ಲ. ಬಿಳಿಯವೇ ಹೆಚ್ಚು. ಸೂಚನೆ ಕೊಟ್ಟ ಬೆಟ್ಟಗಳೆಲ್ಲ ಸಿಡಿಯುವುದಿಲ್ಲ ಎಂಬುದು ಮಕ್ಕಳಿಗೆ ಗೊತ್ತಿರಲಿ ಎಂದು. ಇನ್ನು ಚೀಲದಲ್ಲಿ ಕೆಂಪು ಕಾಯಿಯೂ ಒಂದಿತ್ತು. ವಾರದ ಮೊದಲ ದಿನವೂ ಒಂದು ಕಾಯಿ ತೆಗೆಸುತ್ತಿದ್ದರು. ಆಗ ಕಪ್ಪು, ಬಿಳಿ ಲೆಕ್ಕಕ್ಕಿಲ್ಲ; ಕೆಂಪು ಬಂದರೆ ಮಾತ್ರ, ಯಾವ ಸೂಚನೆಯೂ ಇಲ್ಲದೆ ಬೆಟ್ಟ ಅಲ್ಲೇ ಸಿಡಿದುಬಿಡುತ್ತದೆ. ಅದು ಬಂದದ್ದು ನಾನು ಕಂಡಂತೆ ಒಂದೇ ಸಲ. ಅದನ್ನು ಆಮೇಲೆ ಹೇಳುತ್ತೇನೆ.

“ಚೀಲದಲ್ಲಿ ಎಷ್ಟು ಕಪ್ಪು, ಎಷ್ಟು ಬಿಳಿ? ಲೆಕ್ಕ ಹೇಳಿ, ಸಂಭವನೀಯತೆ ಎಷ್ಟು ಅಂತ ನಾನು ಕಂಡುಹಿಡಿದು ಕೊಡ್ತೀನಿ” ಎಂದು ನಾನು ಗಣಿತದ ಜಂಬದಲ್ಲಿ ಕೇಳಿದ್ದೆ.

“ಬೆಟ್ಟ ನಿಮ್ಮತ್ರ ಲೆಕ್ಕ ಹೇಳಿ ಸಿಡೀತದಾ?” ಎಂದು ಚೀಲದ ಬಾಯಿ ಬಿಗಿದರು.

ಒಂದು ವರ್ಷ ಆ ವಾರಕ್ಕೇ ಸರಿಯಾಗಿ ಶಾಲೆಗೆ ತಪಾಸಣೆಯವರು ಬಂದರು. ಇಲ್ಲಿನ ಶಾಲೆಗಳಿಗೆ ತಪಾಸಣೆಯೆಂದರೆ ಹೆಣ್ಣು ನೋಡಲು ಬಂದ ಹಾಗೆ. ಗೋಡೆಗೆ ಬಣ್ಣ, ಮಕ್ಕಳಿಗೆ ಹೊಸ ಟೈ, ಶಿಕ್ಷಕರಿಗೆ ಹುಸಿನಗು. ಪ್ರಿನ್ಸಿಪಾಲರು ಕೊನೆಯ ದಿನ ತಪಾಸಣೆಯವರನ್ನು ನೇರವಾಗಿ ಏಳನೇ ತರಗತಿಗೆ ಕರೆತಂದರು. ನೋಡಲು ಚೆಂದ, ನೊರೆ ಉಕ್ಕುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಜೊತೆಗಿರಲು ನನ್ನನ್ನೂ ಕರೆದಿದ್ದರು.

ಆ ವಾರದ ಮೇಯರ್ ಹುಡುಗ ಊರು ಖಾಲಿ ಮಾಡಿಸಿದ್ದ. ಕಾಳೆಲ್ಲ ಕಿಟಕಿಯಲ್ಲಿತ್ತು. ಹುಡುಗಿಯೊಬ್ಬಳು ಕಣ್ಣುಮುಚ್ಚಿ ಚೀಲಕ್ಕೆ ಕೈ ಹಾಕಿದಳು. ಬಿಳಿ.

ಹಿಂದಿನ ಸಾಲಿನ ಮಕ್ಕಳು ಕಿಸಕ್ಕನೆ ನಕ್ಕರು. ಮೇಯರ್ ಹುಡುಗನ ಕಿವಿ ಕೆಂಪಾಯಿತು. ಪ್ರಿನ್ಸಿಪಾಲರು ಇವರ ಪಕ್ಕಕ್ಕೆ ಸರಿದು, ತುಟಿ ಅಲ್ಲಾಡಿಸದೆ, “ಪರವಾಗಿಲ್ಲ, ಸುರಿದುಬಿಡಿ” ಎಂದರು. ವಿನೆಗರ್ ಬಾಟಲಿ ಕೈಗೆಟುಕುವಷ್ಟು ಹತ್ತಿರವಿತ್ತು. ಸುರಿಯಿರಿ ಮಾರಾಯ್ರೆ ಎಂದು ನಾನೂ ಮನಸ್ಸಿನಲ್ಲೇ ಅವರ ಭಾಷೆಯಲ್ಲೇ ಹೇಳಿಕೊಂಡೆ. ಮೇಲಿನ ಮಹಡಿಯಲ್ಲಿದ್ದ ಅವರ ಗಂಡನ ಮಾತ್ರೆ ಡಬ್ಬಿ ನನ್ನ ಕಣ್ಣೆದುರು ಬಂದಿತ್ತು.

ಇವರು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಇವತ್ತು ಬೆಟ್ಟ ಸಿಡಿಯುವುದಿಲ್ಲ” ಎಂದು ಇಂಗ್ಲಿಷಿನಲ್ಲಿ, ಮಾಮೂಲಿ ದನಿಯಲ್ಲಿ, ಎಲ್ಲರಿಗೂ ಹೇಳಿದರು.

ತಪಾಸಣೆಗೆ ಬಂದವರೊಬ್ಬರು ಮೇಯರ್ ಹುಡುಗನನ್ನು ಕೇಳಿದರು: ಹಾಗಾದರೆ ನೀನು ಮಾಡಿದ್ದು ತಪ್ಪಾಯಿತಲ್ಲವೇ? ಹುಡುಗ ಒಮ್ಮೆ ಮಿಸ್ಸನ್ನು ನೋಡಿದ, ಒಮ್ಮೆ ಕಿಟಕಿಯ ಕಡೆ ನೋಡಿದ. “ಐ ಡೋಂಟ್ ನೋ ಸರ್. ಬಟ್ ದೇ ಆರ್ ಆಲ್ ದೇರ್” ಎಂದ. ಇವರು ಅವನಿಗೆ ಪೂರ್ತಿ ಮಾರ್ಕು ಹಾಕಿದರು. ಸುಮ್ಮನೆ ಊರು ಬಿಡಿಸಿದ ಮೇಯರಿಗೆ ಯಾವಾಗಲೂ ಪೂರ್ತಿ ಮಾರ್ಕೇ. ಬಂದವರು ಏನೋ ಬರೆದುಕೊಂಡು ಹೋದರು. ಏನು ಬರೆದರೋ ನಮಗೆ ಯಾರಿಗೂ ಕೊನೆಗೂ ತಿಳಿಯಲಿಲ್ಲ.

ಆಮೇಲಿನ ದಿನಗಳಲ್ಲಿ ಇವರು ತಮ್ಮ ಬೆಟ್ಟವನ್ನೇ ಓದತೊಡಗಿದರು. ಪ್ರಿನ್ಸಿಪಾಲರು ಎದುರಾದಾಗ ಗಂಡನ ಆರೋಗ್ಯ ವಿಚಾರಿಸುವುದನ್ನು ಬಿಟ್ಟರು. ಮುಂದಿನ ವರ್ಷದ ಪಠ್ಯದ ಸಭೆಗೆ ಇವರನ್ನು ಕರೆಯಲಿಲ್ಲ. ಕಾಂಟ್ರಾಕ್ಟ್ ಮುಂದುವರಿಸಲು ಎಲ್ಲರ ಪಾಸ್‌ಪೋರ್ಟ್ ಪ್ರತಿ ಕೇಳಿದ ಆಫೀಸು ಇವರದನ್ನು ಕೇಳಲಿಲ್ಲ. “ಮೂರು ಸೂಚನೆ ಬಂತು” ಎಂದು ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಹೇಳಿದರು. ಏನೂ ಆಗುವುದಿಲ್ಲ, ಸುಮ್ಮನಿರಿ ಎಂದೆ. ನಾಳೆ ನೋಡೋಣ ಎಂದೂ ಅಂದೆನೇನೋ.

ಮರುದಿನವೇ ಅವರ ಮನೆಗೆ ಕಾರ್ಗೋ ಪೆಟ್ಟಿಗೆಗಳು ಬಂದವು. ಗಲ್ಫಿನಲ್ಲಿ ಮನೆಯೊಳಗೆ ಕಾರ್ಗೋ ಪೆಟ್ಟಿಗೆ ಬಂತೆಂದರೆ ಆ ಮನೆಯ ಕಥೆ ಮುಗಿಯಿತೆಂದು ಅರ್ಥ. ಗ್ರೈಂಡರು, ಕುಕ್ಕರು, ಹಿತ್ತಾಳೆ ಪಾತ್ರೆ, ಚಳಿಗಾಲದ ರಗ್ಗು ಎಲ್ಲ ಹಡಗು ಹತ್ತಿದವು. ಗಂಡನ ಆಸ್ಪತ್ರೆ ಕಾಗದಗಳನ್ನು ಮಣಿಪಾಲಕ್ಕೆ ಕಳಿಸಿ ಅಲ್ಲಿನ ಡಾಕ್ಟರ ಹತ್ತಿರ ಮಾತಾಡಿಟ್ಟರು. ಅತ್ತವರು ನಾವು. ಇವರು ಟೇಪು ಹಚ್ಚುತ್ತ “ಇನ್ನೊಂದು ಕತ್ತರಿ ಎಲ್ಲುಂಟು?” ಎಂದು ಹುಡುಕುತ್ತಿದ್ದರು. ಗಂಡ ಮಾತ್ರ ಕೇರಂ ಬೋರ್ಡ್ ಕೊಡಲೊಪ್ಪಲಿಲ್ಲ. “ಕಾಯಿ ಅಂತೂ ನೀನು ಶಾಲೆಗೆ ಕೊಟ್ಟಿ, ಬೋರ್ಡಾದ್ರೂ ನಂಗೆ ಇರ್ಲಿ” ಎಂದು ಅದನ್ನು ಮಂಚದ ಕೆಳಗೆ ತಳ್ಳಿದರು.

ಎರಡು ವಾರದ ಮೇಲೆ ಇವರ ಕಾಂಟ್ರಾಕ್ಟ್ ಮುಂದುವರಿಯಿತು. ಆಫೀಸಿನಲ್ಲಿ ಯಾರೋ ಇವರ ಹೆಸರನ್ನು ಬೇರೆ ಗುಂಪಿಗೆ ಸೇರಿಸಿದ್ದರಂತೆ, ಅಷ್ಟೆ. ಪ್ರಿನ್ಸಿಪಾಲರಿಗೂ ಏನೂ ಸಿಟ್ಟಿರಲಿಲ್ಲ. ಅಥವಾ ಇದ್ದು ಇಳಿದಿತ್ತೋ, ನನಗೆ ಗೊತ್ತಿಲ್ಲ. ಪಾತ್ರೆಗಳೆಲ್ಲ ಮಲ್ಪೆ ಸೇರಿದ್ದವು. ಆ ವರ್ಷವಿಡೀ ಅವರ ಮನೆಯಲ್ಲಿ ಇದ್ದದ್ದು ಎರಡು ಪಾತ್ರೆ, ಒಂದು ಬಾಣಲೆ. ಅಕ್ಕಿ ರುಬ್ಬಲು ನಮ್ಮ ಮನೆಗೆ ಇಳಿದು ಬರುತ್ತಿದ್ದರು. ನಾವು ಬಾಯಿ ತುಂಬ ಗೇಲಿ ಮಾಡಿದೆವು. “ಬಿಳಿ ಕಾಯಿ ಬಂತು” ಎಂದು ಅವರೂ ನಮ್ಮ ಜೊತೆ ಸೇರಿ ನಗುತ್ತಿದ್ದರು. ನಾಚಿಕೆ ಪಟ್ಟಿದ್ದು ನಾನು ನೋಡಲಿಲ್ಲ. ನಿಜ ಹೇಳುತ್ತೇನೆ, ಯಾರನ್ನಾದರೂ ನಾನು ಅಸೂಯೆಯಿಂದ ನೋಡಿದ್ದರೆ ಆ ವರ್ಷ, ಆ ಎರಡು ಪಾತ್ರೆಯ ಮನೆಯ ಆ ಹೆಂಗಸನ್ನು.

ವಯಸ್ಸಾಗಿ ನಿವೃತ್ತಿಯಾಗಿ ಹೊರಟಾಗ ಆ ಬಟ್ಟೆ ಚೀಲವನ್ನು ನನ್ನ ಕೈಗೆ ಕೊಟ್ಟರು. “ನಿಮ್ಮ ಸಂಭವನೀಯತೆಯ ಪಾಠಕ್ಕೆ ಆಗ್ತದೆ. ಈಗ ಬೇಕಾದ್ರೆ ಎಣಿಸಿಕೊಳ್ಳಿ.”

ಫೋನು ಬಂದ ಮೇಲೆ ಎರಡು ದಿನ ನಾನು ಸೂಚನೆಗಳನ್ನು ಹುಡುಕಿದೆ. ಅವರು ಕಳಿಸಿದ ದನಿಸಂದೇಶಗಳನ್ನೆಲ್ಲ ಮತ್ತೆ ಕೇಳಿದೆ. ಒಂದರಲ್ಲಿ, ಸಂಜೆಯ ನಡಿಗೆಯನ್ನು ಅರ್ಧಕ್ಕೇ ಬಿಟ್ಟು ಬಂದೆ, ಭಾರಿ ಸೆಕೆ ಎಂದಿದ್ದರು. ಇದೇ ಇರಬಹುದೇ? ಇನ್ನೊಂದರಲ್ಲಿ ಮಾತಿನ ನಡುವೆ ಕೆಮ್ಮಿದ್ದರು. ಇದೋ? ಹೀಗೆ ಹುಡುಕುತ್ತ ಹೋದರೆ ಆಕಳಿಸಿದ್ದೂ ಸೂಚನೆಯೇ. ಆಗ ಅವರದೇ ಮಾತು ನೆನಪಾಯಿತು. “ಸಿಡಿದ ಮೇಲೆ ಎಲ್ಲರಿಗೂ ಸೂಚನೆ ನೆನಪಾಗ್ತದೆ. ಹೌದು, ನಿನ್ನೆ ನಾಯಿ ಬೊಗಳಿತ್ತು ಅಂತ ಹೇಳ್ತಾರೆ. ನಾಯಿ ಮೊನ್ನೆಯೂ ಬೊಗಳಿತ್ತು.”

ಅವರ ಗಂಡನಿಗೆ ಹೇಳಲು ಇದಿಷ್ಟು ಸಾಕೆನಿಸಲಿಲ್ಲ. ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವಾಗ ಪೆನ್ನು ತೆಗೆದುಕೊಳ್ಳಲು ಮೇಜಿನ ಮೇಲಿನ ಡಬ್ಬಿಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಕೆಂಪು ಕಾಯಿ. ಅದನ್ನು ಚೀಲದಿಂದ ತೆಗೆದು ಅಲ್ಲಿ ಹಾಕಿದ್ದವಳು ನಾನೇ. ಕಪ್ಪು, ಬಿಳಿ ಎರಡೇ ಇದ್ದರೆ ಮಕ್ಕಳಿಗೆ ಲೆಕ್ಕ ಸುಲಭ. ಈ ಒಂದು ಕಾಯಿಯಿಂದ ಲೆಕ್ಕವೆಲ್ಲ ತೊಡಕಾಗುತ್ತಿತ್ತು.

ಅದು ಬಂದ ಆ ಒಂದು ಸಲ ಮೇಯರ್ ಆಗಿದ್ದವಳು ನವಾಯತಿ ಮಾತಾಡುವ ಮನೆಯ ಹುಡುಗಿ, ಭಟ್ಕಳದವಳು. ತುಂಬ ಜಾಗ್ರತೆಯ ಮಗು. ಬೆಟ್ಟ ಅಳೆಯಲೆಂದು ಮನೆಯಿಂದ ಟೇಪು ತಂದಿದ್ದಳು. ಸೋಮವಾರ ಮೊದಲ ಪೀರಿಯಡ್ಡಿನಲ್ಲೇ ಕೆಂಪು ಬಂತು, ಬೆಟ್ಟ ಸಿಡಿಯಿತು, ಹೆಸರುಕಾಳೆಲ್ಲ ಕೆಂಪು ನೊರೆಯಲ್ಲಿ ಮುಳುಗಿದವು. ಮಕ್ಕಳು ಕುಣಿದಾಡಿದರು. ಇವಳು ಟೇಪು ಹಿಡಿದುಕೊಂಡೇ ಅಳತೊಡಗಿದಳು. ಮುಂದಿನ ಪೀರಿಯಡ್ಡಿಗೆಂದು ಬಂದ ನಾನು ಬಾಗಿಲಲ್ಲಿ ನಿಂತಿದ್ದೆ. ಮಿಸ್ ಹೋಗಿ ಆ ಪುಟ್ಟ ಬೆಂಚಿನ ಮೇಲೆ ಅವಳ ಪಕ್ಕ ಕೂತು, ತರಗತಿಯಲ್ಲಿ ಎಂದೂ ಆಡದ ಕನ್ನಡದಲ್ಲಿ ಹೇಳಿದರು: “ನೀನು ಎಂತ ತಪ್ಪೂ ಮಾಡ್ಲಿಲ್ಲ ಪುಟ್ಟ. ಬೆಟ್ಟ ಹೇಳ್ಲೇ ಇಲ್ಲ. ಹೇಳದ್ದನ್ನು ಕೇಳ್ಲಿಕ್ಕೆ ಯಾರಿಂದ ಆಗ್ತದೆ? ಕೆಲವು ಬೆಟ್ಟ ಹಾಗೇ.” ಆಮೇಲೆ ಎದ್ದುಹೋಗಿ ಅವಳ ಹೆಸರಿನ ಮುಂದೆ ಪೂರ್ತಿ ಮಾರ್ಕು ಬರೆದರು.

ಶಾಲೆಯ ಬಸ್ಸು ಬರುವುದರೊಳಗೆ ಮಲ್ಪೆಗೆ ಫೋನು ಮಾಡಿದೆ. ಅವರು ಕೂಡಲೇ ಎತ್ತಿದರು. ಕಾಯುತ್ತಿದ್ದರೆಂದು ಕಾಣುತ್ತದೆ.

“ಸರ್, ನಾನು ಎಲ್ಲ ನೆನಪು ಮಾಡ್ಕೊಂಡೆ. ಅವರು ನನಗೇನೂ ಹೇಳಿರಲಿಲ್ಲ. ಇದು ಕೆಂಪು ಕಾಯಿ ಸರ್.”

ಅತ್ತ ದೂರದಲ್ಲಿ ಯಾವುದೋ ಬೋಟಿನ ಇಂಜಿನ್ನು ಕೇಳುತ್ತಿತ್ತು. ಏನು ಹೇಳಿದೆನೆಂದು ಅವರಿಗೆ ತಿಳಿಯಲಿಲ್ಲವೇನೋ ಎಂದುಕೊಂಡೆ.

“ಅದನ್ನು ಚೀಲಕ್ಕೆ ಹಾಕ್ಲಿಕ್ಕೆ ಹೇಳಿದ್ದು ನಾನೇ ಟೀಚರೇ” ಎಂದರು. “ಅವಳು ಬರೀ ಕಪ್ಪು ಬಿಳಿ ತಗೊಂಡು ಹೋಗ್ತಾ ಇದ್ಲು. ಕೆಂಪು ರಾಣಿಯನ್ನ ಒಂದೇ ಬಿಟ್ಟು ಹೋದ್ರೆ ನಾನು ಅದರಲ್ಲಿ ಎಂತ ಆಡೂದು, ಅದನ್ನೂ ತಗೊಂಡು ಹೋಗು ಅಂದೆ. ನಾನು ತಮಾಷೆಗೆ ಹೇಳಿದ್ದು. ಅವಳು ಅದಕ್ಕೊಂದು ಕೆಲಸ ಕೊಟ್ಲು.”

ಕೆಳಗೆ ಶಾಲೆಯ ಬಸ್ಸು ಬಂದು ಹಾರ್ನ್ ಹೊಡೆಯಿತು.

“ಹಾಗಾದ್ರೆ ನಂಗೆ ಮಾರ್ಕು ಎಷ್ಟು ಕೊಡ್ತಿದ್ಲು?” ಎಂದು ಕೇಳಿದರು.

“ಪೂರ್ತಿ ಸರ್” ಎಂದೆ.